ಎದೆಯ ಫೋಟೊದಲ್ಲಿ ಕಂಡ ಡಾಗ



ನಮ್ಮ ಗಡಿಭಾಗದಲ್ಲಿ ಕೆಲವು ಮಾತುಗಳಿಗೆ ಎರಡೂ ಭಾಷೆಯಲ್ಲಿ ಒಂದೇ ತೂಕ. ‘ಡಾಗ’ ಅಂಥ ಮಾತು. ಧೋತರದ ಮೇಲೆ ಬಿದ್ದ ಎಣ್ಣೆಯ ಕಲೆಯೂ ಡಾಗ, ಎಕ್ಸ್-ರೇ ಹಾಳೆಯಲ್ಲಿ ಕಂಡ ಬಿಳಿ ಮಚ್ಚೆಯೂ ಡಾಗ. ಗಡಹಿಂಗ್ಲಜದ ಕಡೆಯವರೊಬ್ಬರು ಕೊಲ್ಲಾಪುರದ ಆಸ್ಪತ್ರೆಗೆ ಹೋಗಿ, ‘ಎದಿ ಫೋಟೊದಾಗ ಡಾಗ ಬಂದೈತಂತ’ ಎಂಬ ಮಾತು ಹೊತ್ತು ಮನೆಗೆ ಬಂದರೆ, ಪಡಸಾಲೆಯಲ್ಲಿ ಕುಳಿತವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡೇ. ಟೀಬಿಯೋ? ಅಥವಾ ಬಾಯಿಬಿಟ್ಟು ಹೇಳಲಾಗದ ಆ ಇನ್ನೊಂದು ಬೇನೆಯೋ?

ಈ ಎರಡರ ಆಚೆಗೆ ಮೂರನೆಯ ಉತ್ತರವೊಂದಿದೆ. ಅದು ಟೀಬಿಯೂ ಅಲ್ಲ, ಕ್ಯಾನ್ಸರೂ ಅಲ್ಲ, ಜೀವಕ್ಕೆ ಎರವಾಗದ ಗಂಟು. ಈ ಉತ್ತರವನ್ನು ಧೈರ್ಯವಾಗಿ ಹೇಳುವುದನ್ನು ಕಲಿಯಲು ವೈದ್ಯರಿಗೆ ನೂರು ವರ್ಷ ಬೇಕಾಯಿತು. ಇಂದು ನಿಮ್ಮ ಮುಂದಿಡುವುದು ಆ ನೂರು ವರ್ಷದ ಕಥೆ. ಕೊನೆಗೆ ಬರುವ ಗಂಟು ಬಹಳ ಅಪರೂಪದ್ದು. ಆದರೂ ಅದರ ಗುಟ್ಟು ಬಿಡಿಸುವ ಸುಳಿವು ನಮ್ಮ ಹೆಣ್ಣುಮಕ್ಕಳ ಬಾಯಲ್ಲೇ ಇರುತ್ತದೆಂಬ ಕಾರಣಕ್ಕೆ ಅದನ್ನೇ ಆರಿಸಿಕೊಂಡಿದ್ದೇನೆ.

1895ರ ನವೆಂಬರ್ 8ರ ಸಂಜೆ ಜರ್ಮನಿಯ ವುರ್ಟ್ಸ್‌ಬರ್ಗ್ ಊರಿನಲ್ಲಿ ವಿಲ್ಹೆಲ್ಮ್ ರಂಟ್ಗೆನ್ ಎಂಬ ಪ್ರಾಧ್ಯಾಪಕರಿಗೆ ಕಣ್ಣಿಗೆ ಕಾಣದ ಕಿರಣವೊಂದರ ಸುಳಿವು ಸಿಕ್ಕಿತು. ಅದೇ ಡಿಸೆಂಬರ್ 22ರಂದು ಅವರು ಹೆಂಡತಿಯ ಕೈಯ ಚಿತ್ರ ತೆಗೆದರು. ಎಲುಬುಗಳು ಕಂಡವು, ಬೆರಳಿನ ಉಂಗುರವೂ ಕಂಡಿತು. ಈ ಶೋಧಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಹುಮಾನ ಅವರಿಗೇ ಬಂತು. ಕಿರಣದ ಕೆಲಸ ತಿಳಿಯಲು ಕಷ್ಟವಿಲ್ಲ. ಗಾಳಿಯ ಮೂಲಕ ಅದು ಸಲೀಸಾಗಿ ಹಾದುಹೋಗುತ್ತದೆ, ಆ ಜಾಗ ಹಾಳೆಯಲ್ಲಿ ಕಪ್ಪಾಗುತ್ತದೆ. ಎಲುಬು ಅದನ್ನು ತಡೆಯುತ್ತದೆ, ಅಲ್ಲಿ ಬಿಳಿ ಉಳಿಯುತ್ತದೆ. ಫುಪ್ಪುಸವೆಂದರೆ ಬಹುಪಾಲು ಗಾಳಿ. ಆದ್ದರಿಂದ ಆ ಕಪ್ಪಿನ ನಡುವೆ ಒಂದು ಬಟಾಣಿಯಷ್ಟು ಮಾಂಸ ಬೆಳೆದರೂ ಕತ್ತಲ ರಾತ್ರಿಯ ಲಾಟೀನಿನಂತೆ ಕಾಣಬೇಕು. ಪಕ್ಕೆಲುಬಿನ ಹಿಂದೆಯೋ ಹೃದಯದ ಮರೆಗೋ ಅದು ಅಡಗಿ ಕೂತರೆ ಕಾಣದು. ಇದರ ತಿರುವುಮುರುವೂ ಉಂಟು: ಮೊಲೆತೊಟ್ಟಿನ ನೆರಳು ಹಾಳೆಯ ಮೇಲೆ ಬಿದ್ದು ಗಂಟಿನ ವೇಷ ಹಾಕಿ, ಓದುವವರ ಕಣ್ಣನ್ನು ಎಷ್ಟೋ ಸಲ ಮೋಸಗೊಳಿಸಿದೆ.

ನಮ್ಮ ಸೀಮೆಗೆ ಬರೋಣ. ಇಲ್ಲಿ ಎದೆಯ ಬೇನೆಯ ಮಾತು ಬಂದರೆ ಹಿರಿಯರು ಕೈ ತೋರುತ್ತಿದ್ದುದು ಮಿರಜದ ಕಡೆಗೆ. ಕೆನಡಾ ಮೂಲದ ಡಾಕ್ಟರ್ ವಿಲಿಯಂ ವಾನ್ಲೆಸ್ 1889ರಲ್ಲಿ ಈ ದೇಶಕ್ಕೆ ಬಂದರು, 1894ರಲ್ಲಿ ಮಿರಜದ ಮಿಷನ್ ಆಸ್ಪತ್ರೆ ಬಾಗಿಲು ತೆರೆಯಿತು. ರೈಲಿನ ದಾರಿಗಳು ಕೂಡುವ ಊರು ಅದು. ಬೆಳಗಾವಿ ಕಡೆಯ ಕನ್ನಡಿಗರೂ ಸಾಂಗ್ಲಿ, ಕೊಲ್ಲಾಪುರದ ಮರಾಠಿಗರೂ ಒಂದೇ ವರಾಂಡದಲ್ಲಿ ಸರದಿಗೆ ಕೂತರು. ಮಿರಜ-ಸಾಂಗ್ಲಿಯ ನಡುವೆ ಕ್ಷಯರೋಗಿಗಳಿಗಾಗಿ ಎದ್ದ ಆರೋಗ್ಯಧಾಮದ ಜಾಗಕ್ಕೆ ವಾನ್ಲೆಸ್‌ವಾಡಿ ಎಂಬ ಹೆಸರೇ ನಿಂತಿತು. ಕೊಲ್ಲಾಪುರದಲ್ಲಿ ಅವರ ಪತ್ನಿಯ ಹೆಸರಿನ ಮೇರಿ ವಾನ್ಲೆಸ್ ಆಸ್ಪತ್ರೆಯಾಯಿತು.

ಆ ಕಾಲದಲ್ಲಿ ಫೋಟೊದ ಡಾಗ ಎಂದರೆ ಕ್ಷಯವೇ. ಇದನ್ನು ವೈದ್ಯರ ಅಜ್ಞಾನವೆಂದು ನಗಬಾರದು. ಯಾವ ಊರಲ್ಲಿ ಯಾವ ಬೇನೆ ಹೆಚ್ಚೋ ಅದನ್ನೇ ಮೊದಲು ಶಂಕಿಸುವುದು ಬುದ್ಧಿವಂತಿಕೆ. ಇಂದಿಗೂ ನಮ್ಮ ಕಡೆ ಎದೆಯಲ್ಲಿ ಒಂಟಿ ಗಂಟು ಕಂಡರೆ ಅದು ಎಂದೋ ಬಂದು ಮಾಗಿದ ಕ್ಷಯದ ಗುರುತಾಗಿರುವುದು ತೀರ ಸಾಮಾನ್ಯ. ದೇಹವು ರೋಗಾಣುವಿನ ಸುತ್ತ ಗೋಡೆ ಕಟ್ಟಿ, ಒಳಗೆ ಸುಣ್ಣ ತುಂಬಿ ಮುಚ್ಚಿಬಿಡುತ್ತದೆ. ವೈದ್ಯರು ಅದನ್ನು ಗ್ರ್ಯಾನ್ಯುಲೋಮಾ ಎನ್ನುತ್ತಾರೆ. ಮಾಗಿದ ಗಾಯದ ಗುರುತಿಗೂ ಹಸಿ ಗಾಯಕ್ಕೂ ವ್ಯತ್ಯಾಸ ತಿಳಿಯದೆ ಎಲ್ಲಕ್ಕೂ ಒಂದೇ ಮದ್ದು ಕೊಟ್ಟದ್ದು ಮಾತ್ರ ತೊಡಕಾಯಿತು.

ಈ ವ್ಯತ್ಯಾಸವನ್ನು ಎತ್ತಿ ತೋರಿದ್ದರಲ್ಲಿ ಕನ್ನಡನಾಡಿನ ಹಳ್ಳಿಗಳ ಪಾಲು ದೊಡ್ಡದು. 1955ರಿಂದ 1958ರವರೆಗೆ ದೇಶದಾದ್ಯಂತ ಸಣ್ಣ ಫಿಲ್ಮಿನ ಎಕ್ಸ್-ರೇ ಗಾಡಿಗಳನ್ನು ಓಡಿಸಿ ಕ್ಷಯದ ಲೆಕ್ಕ ಹಿಡಿಯಲಾಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಆ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ ಜನರ ಎದೆಯ ಫೋಟೊ ತೆಗೆದರು, ಕಫವನ್ನೂ ಪರೀಕ್ಷಿಸಿದರು. ಫೋಟೊದಲ್ಲಿ ಡಾಗ ಇದ್ದವರೆಷ್ಟೋ ಮಂದಿಯ ಕಫದಲ್ಲಿ ರೋಗಾಣುವೇ ಇರಲಿಲ್ಲ. ಅಮೆರಿಕದಲ್ಲಿಯೂ 1940ರ ದಶಕದ ಕೊನೆಗೆ ಹೆನ್ರಿ ಗಾರ್ಲಂಡ್ ಎಂಬ ವೈದ್ಯರು ಇರುಸುಮುರುಸಿನ ಸಂಗತಿಯೊಂದನ್ನು ಬಯಲಿಗಿಟ್ಟಿದ್ದರು. ಒಂದೇ ಫೋಟೊವನ್ನು ಇಬ್ಬರು ಪರಿಣತರಿಗೆ ಕೊಟ್ಟರೆ ಒಬ್ಬರ ಮಾತು ಇನ್ನೊಬ್ಬರಿಗೆ ಹಲವು ಸಲ ಹೊಂದುತ್ತಿರಲಿಲ್ಲ. ಅದನ್ನೇ ಕೆಲವು ದಿನ ಬಿಟ್ಟು ಅದೇ ಪರಿಣತರ ಮುಂದಿಟ್ಟರೆ, ತಾವು ಹಿಂದೆ ಹೇಳಿದ್ದಕ್ಕೆ ತಾವೇ ಬೇರೆ ಹೇಳುತ್ತಿದ್ದರು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಹಳ್ಳಿಯ ರೋಗಿಯ ಮಟ್ಟಿಗೆ ಕಫದ ಪರೀಕ್ಷೆಗೇ ಮೊದಲ ಮಣೆ ಹಾಕಿದ್ದಕ್ಕೆ ಇಂಥ ಅನುಭವಗಳ ಬಲವಿತ್ತು.

ಇಚಲಕರಂಜಿಯ ಕೇಳುಗರಿಗಾಗಿ ಇಲ್ಲೊಂದು ಅಡ್ಡಮಾತು. 1904ರಲ್ಲಿ ನಿಮ್ಮ ಊರಿಗೆ ಮೊದಲ ವಿದ್ಯುತ್ ಮಗ್ಗ ಬಂತು. ಅಂದಿನಿಂದ ಕೆಮ್ಮಿಗೆಲ್ಲ ಹತ್ತಿಯ ಧೂಳನ್ನೇ ದೂರುವ ರೂಢಿಯೂ ಬಂದಿದೆ. ಹತ್ತಿಯ ಧೂಳಿನ ಬೇನೆ ನಿಜವೇ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ಅದು ನೂಲುವ, ಹತ್ತಿ ಬಿಡಿಸುವ ಗಿರಣಿಗಳಲ್ಲಿ ಹೆಚ್ಚು, ನೇಯುವಲ್ಲಿ ಕಡಿಮೆ. ಅದು ಉಸಿರನ್ನು ಅಳೆಯುವ ಪರೀಕ್ಷೆಯಲ್ಲಿ ತಿಳಿಯುತ್ತದೆಯೇ ಹೊರತು ಫೋಟೊದಲ್ಲಿ ದುಂಡನೆಯ ಗಂಟಾಗಿ ಕಾಣುವುದಿಲ್ಲ. ಮಗ್ಗದವರ ಎದೆಯಲ್ಲಿ ಗಂಟು ಕಂಡರೆ ‘ಧೂಳು ಕೂತಿರಬೇಕು’ ಎಂದು ಕೈಬಿಡುವಂತಿಲ್ಲ.

ಅದೇ 1904ರಲ್ಲಿ ಜರ್ಮನಿಯ ಅಯ್ಗೆನ್ ಆಲ್‌ಬ್ರೆಕ್ಟ್ ಎಂಬ ವೈದ್ಯರು ‘ಹಮಾರ್ಟೋಮಾ’ ಎಂಬ ಪದ ಕಟ್ಟಿದರು. ಗ್ರೀಕ್ ಮೂಲದಲ್ಲಿ ಅದಕ್ಕೆ ತಪ್ಪು, ಗುರಿತಪ್ಪಿದ್ದು ಎಂಬ ಅರ್ಥ. ಇದ್ದ ಸಾಮಾನೇ, ಆದರೆ ಜೋಡಣೆ ಕೆಟ್ಟಿದೆ ಎಂಬ ಭಾವ. ಫುಪ್ಪುಸದ ಹಮಾರ್ಟೋಮಾದಲ್ಲಿ ಮೆತ್ತನೆಯ ಎಲುಬು, ಕೊಬ್ಬು, ಅಂಟುನಾರು ಎಲ್ಲ ಕಲಸಿಕೊಂಡಿರುತ್ತವೆ. ಇದು ಕೊಲ್ಲುವ ಗಡ್ಡೆಯಲ್ಲ. ಇದರಲ್ಲಿ ಕೆಲವಕ್ಕೆ ಸುಣ್ಣ ಕಟ್ಟಿದಾಗ ಹಾಳೆಯ ಮೇಲೆ ನಾಗರಪಂಚಮಿಯ ಜೋಳದ ಅಳ್ಳಿನಂತೆ ಬಿರಿದು ಕಾಣುತ್ತದೆ. ಆ ರೂಪ ಕಂಡರೆ ವೈದ್ಯರ ಮುಖದ ಗಂಟು ಸಡಿಲಾಗುತ್ತದೆ. ಆದರೆ ಎಲ್ಲ ಹಮಾರ್ಟೋಮಾಗಳಲ್ಲೂ ಅಳ್ಳು ಅರಳುವುದಿಲ್ಲ. ಅರಳದ ಗಂಟಿಗೆ ಏನು ಮಾಡಬೇಕು?

1940, 50ರ ದಶಕಗಳಲ್ಲಿ ಇದಕ್ಕೆ ಉತ್ತರ ಚಾಕುವಾಗಿತ್ತು. ಫೋಟೊದಲ್ಲಿ ನಾಣ್ಯದಂತೆ ದುಂಡಗೆ ಕಾಣುವುದರಿಂದ ಅದಕ್ಕೆ ‘ನಾಣ್ಯದ ಗುರುತು’ ಎಂದು ಹೆಸರಿಟ್ಟರು, ಸಂದೇಹವಿದ್ದರೆ ಎದೆ ತೆರೆದರು. ಹೀಗೆ ತೆರೆದ ಎದೆಗಳಲ್ಲಿ ಎಷ್ಟೋ ಗಂಟುಗಳು ನಿರಪಾಯದವೆಂದು ಆಮೇಲೆ ತಿಳಿಯಿತು. ಆಗ ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಿ. ಅಲೆನ್ ಗುಡ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಸರಳವಾದ ಪ್ರಶ್ನೆಯೊಂದನ್ನು ಮುಂದಿಟ್ಟರು: ಈ ಮನುಷ್ಯನ ಹಳೆಯ ಫೋಟೊ ಇದೆಯೇ? ಎರಡು ವರ್ಷದ ಹಿಂದಿನ ಹಾಳೆಯಲ್ಲೂ ಅದೇ ಜಾಗದಲ್ಲಿ ಅಷ್ಟೇ ಗಾತ್ರದ ಗಂಟು ಇದ್ದರೆ ಅದು ಕ್ಯಾನ್ಸರ್ ಅಲ್ಲದಿರುವ ಸಂಭವವೇ ಹೆಚ್ಚು. ಕ್ಯಾನ್ಸರು ಸುಮ್ಮನೆ ಕೂರುವ ಜಾತಿಯದಲ್ಲ.

ನನ್ನ ಎಣಿಕೆಯಲ್ಲಿ ಎದೆಯ ಗಂಟಿನ ಇತಿಹಾಸದಲ್ಲಿ ಇದಕ್ಕಿಂತ ಬೆಲೆಬಾಳುವ ಪ್ರಶ್ನೆ ಇನ್ನೊಂದಿಲ್ಲ. ಇದಕ್ಕೆ ಹೊಸ ಯಂತ್ರ ಬೇಡ, ಹಳೆಯ ಲಕೋಟೆ ಸಾಕು. ನಮ್ಮ ಮನೆಗಳಲ್ಲಿ ಆ ಲಕೋಟೆಯ ಗತಿ ಏನಾಗಿದೆ? ಹಾಳೆಯಲ್ಲಿ ಬೆಳ್ಳಿಯ ಅಂಶವಿದೆಯೆಂದು ಗುಜರಿಯವನಿಗೆ ಹೋಯಿತು. 1995ರ ಅಕ್ಟೋಬರ್ 24ರ ಸೂರ್ಯಗ್ರಹಣದಲ್ಲಿ ಕಣ್ಣಿಗೆ ಅಡ್ಡ ಹಿಡಿಯಲು ಹೋಯಿತು. ಕಣ್ಣಿನ ವೈದ್ಯರು ಬೇಡವೆಂದರೂ ಜನ ಬಿಡಲಿಲ್ಲ.

ಆ ಎರಡು ವರ್ಷದ ನಿಯಮವೂ ಕಬ್ಬಿಣದ ಗೆರೆಯಲ್ಲ. 1997ರಲ್ಲಿ ಯಾಂಕೆಲೆವಿಟ್ಜ್ ಮತ್ತು ಹೆನ್ಷ್ಕೆ ಎಂಬ ವೈದ್ಯರು ಹಳೆಯ ಲೆಕ್ಕಗಳನ್ನು ಕೆದಕಿ, ಆ ನಿಯಮದ ಬುಡ ನಾವೆಣಿಸಿದಷ್ಟು ಗಟ್ಟಿಯಿಲ್ಲ ಎಂದು ತೋರಿಸಿದರು. ಮುಖ್ಯ ತೊಡಕು ಅಳತೆಯಲ್ಲಿತ್ತು. ಒಂದು ಲಾಡು ಒಂದು ಸೆಂಟಿಮೀಟರ್ ಅಗಲವಿದೆ ಎನ್ನಿ. ಅದರ ಹೂರಣ ಇಮ್ಮಡಿಯಾದರೆ ಅಗಲ ಎಷ್ಟಾಗುತ್ತದೆ? ಎರಡು ಸೆಂಟಿಮೀಟರ್ ಅಲ್ಲ, ಬರೀ 1.26 ಸೆಂಟಿಮೀಟರ್. ಅಂದರೆ ಗಂಟು ದುಪ್ಪಟ್ಟಾದರೂ ಹಾಳೆಯ ಮೇಲೆ ಕಾಣುವ ವ್ಯತ್ಯಾಸ ಎರಡೂವರೆ ಮಿಲಿಮೀಟರಿನಷ್ಟು. ಬರಿಗಣ್ಣಿಗೆ ಅದು ಸಿಕ್ಕೀತೇ? ಇನ್ನೂ ಚೊಕ್ಕ ಚಿತ್ರ ಬೇಕಿತ್ತು.

ಅದನ್ನು ಕೊಟ್ಟದ್ದು ಸಿ.ಟಿ. ಸ್ಕ್ಯಾನ್. ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. ಗ್ರಾಮಫೋನ್ ತಟ್ಟೆ ಮಾರುವ ಕಂಪನಿ ಎಂದೇ ಇಎಂಐ ನಮಗೆ ಪರಿಚಯವಿದ್ದದ್ದು. 1979ರಲ್ಲಿ ಅಲನ್ ಕಾರ್ಮಕ್ ಜೊತೆ ಹೌನ್ಸ್‌ಫೀಲ್ಡರಿಗೆ ನೊಬೆಲ್ ಬಂತು. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಒಳಗಿನ ಬೀಜ ನೋಡುವಂತೆ ಈ ಯಂತ್ರ ಎದೆಯನ್ನು ತೆಳ್ಳಗಿನ ಹೋಳುಗಳಲ್ಲಿ ತೋರಿಸುತ್ತದೆ. 1980ರ ದಶಕದ ಕೊನೆಗೆ ಸುರುಳಿಯಾಗಿ ಸುತ್ತುವ ಯಂತ್ರ ಬಂದ ಮೇಲೆ, ಒಂದೇ ಉಸಿರು ಬಿಗಿಹಿಡಿಯುವುದರೊಳಗೆ ಇಡೀ ಎದೆ ಮುಗಿಯಿತು.

ಹೌನ್ಸ್‌ಫೀಲ್ಡರ ಹೆಸರಿನಲ್ಲಿ ಒಂದು ಅಳತೆಗೋಲೂ ಇದೆ. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ಕೆಳಗೆ ಸಾವಿರ, ಕೊಬ್ಬಿಗೆ ಸೊನ್ನೆಗಿಂತ ಕೆಳಗೆ ಸುಮಾರು ನೂರು. ಎಲುಬು, ಸುಣ್ಣ ಸೊನ್ನೆಗಿಂತ ಬಹಳ ಮೇಲೆ. 1986ರಲ್ಲಿ ಅಮೆರಿಕದ ಸೀಗಲ್‌ಮನ್ ಮತ್ತು ಸಂಗಡಿಗರು 47 ಹಮಾರ್ಟೋಮಾಗಳನ್ನು ತೆಳು ಹೋಳುಗಳಲ್ಲಿ ಅಳೆದರು. ಅರ್ಧಕ್ಕಿಂತ ಹೆಚ್ಚಿನವುಗಳ ಒಳಗೆ ಕೊಬ್ಬಿನ ಗುರುತೋ ಕೊಬ್ಬು-ಸುಣ್ಣ ಎರಡೂ ಸೇರಿದ ಗುರುತೋ ಸಿಕ್ಕಿತು. ಅಂಚು ನುಣುಪಾದ ಸಣ್ಣ ಗಂಟಿನಲ್ಲಿ ಹೀಗೆ ಕೊಬ್ಬು ಸ್ಪಷ್ಟವಾಗಿ ಕಂಡರೆ ಚಾಕು ಬೇಡ, ಕಾದು ನೋಡಿದರೆ ಸಾಕು ಎನ್ನುವ ಧೈರ್ಯ ಬಂತು. ರಂಟ್ಗೆನ್ನರಿಂದ ಅಲ್ಲಿಗೆ ತೊಂಬತ್ತೊಂದು ವರ್ಷ.

ಇನ್ನು ಆ ಅಪರೂಪದ ಗಂಟು.

ಇಂಥ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ವಯಸ್ಸು ನಲವತ್ತೈದು. ಬೇರೆ ಯಾವುದೋ ಆಪರೇಷನ್ನಿಗೆ ಮುಂಚೆ ಎದೆಯ ಫೋಟೊ ತೆಗೆದರು. ಕೆಮ್ಮಿಲ್ಲ, ಜ್ವರವಿಲ್ಲ, ತೂಕ ಇಳಿದಿಲ್ಲ. ಹಾಳೆಯಲ್ಲಿ ಮಾತ್ರ ಎರಡೂ ಫುಪ್ಪುಸದ ತುಂಬ ದುಂಡು ದುಂಡು ಗಂಟು, ಕಡಲೆಯಷ್ಟು, ಬೋರೆಹಣ್ಣಿನಷ್ಟು. ಒಂಟಿ ಗಂಟಿಗೇ ಎದೆ ಒಡೆಯುವಾಗ ಇಷ್ಟು ಗಂಟು ಕಂಡರೆ ಯಾರಿಗಾದರೂ ಹೊಳೆಯುವುದು ಬೇರೆಲ್ಲೋ ಹುಟ್ಟಿ ಎದೆಗೆ ಹರಡಿದ ಕ್ಯಾನ್ಸರು. ಬಹುಪಾಲು ಸಲ ಆ ಶಂಕೆ ನಿಜವೂ ಆಗಿರುತ್ತದೆ. ಇಲ್ಲವೇ ಊರಿನ ರೂಢಿಯಂತೆ ಟೀಬಿಯ ಗುಳಿಗೆ ಶುರುವಾಗುತ್ತದೆ.

1939ರಲ್ಲಿ ಅಮೆರಿಕದ ಪಾಲ್ ಸ್ಟೈನರ್ ಎಂಬ ರೋಗಶಾಸ್ತ್ರಜ್ಞರು ಇಂಥದೊಂದು ಪ್ರಕರಣವನ್ನು ವಿವರವಾಗಿ ಬರೆದರು. ಗರ್ಭಕೋಶದಲ್ಲಿ ಬೆಳೆಯುವ ಗಡ್ಡೆಗೆ ನಾವು ‘ಗಾಠ’ ಎನ್ನುತ್ತೇವೆ, ವೈದ್ಯರು ಫೈಬ್ರಾಯ್ಡ್ ಎನ್ನುತ್ತಾರೆ. ಅದು ನಯವಾದ ಸ್ನಾಯುವಿನ ನಿರಪಾಯದ ಗಡ್ಡೆ, ಹೆಂಗಸರಲ್ಲಿ ತೀರ ಸಾಮಾನ್ಯ. ಅದೇ ಸ್ನಾಯು ಫುಪ್ಪುಸದಲ್ಲಿ ಗಂಟಾಗಿ ಕೂತಿತ್ತು. ಇದಕ್ಕೆ ಈಗ ಇರುವ ಹೆಸರು ‘ಬಿನೈನ್ ಮೆಟಾಸ್ಟಸೈಜಿಂಗ್ ಲಿಯೋಮಯೋಮಾ’. ಹೆಸರಿನಲ್ಲೇ ಜಗಳವಿದೆ. ಮೊದಲ ಪದ ನಿರಪಾಯ ಎನ್ನುತ್ತದೆ, ಎರಡನೆಯದು ಹರಡುವಂಥದು ಎನ್ನುತ್ತದೆ. ಅದು ನಿಜವಾಗಿ ಗರ್ಭಕೋಶದಿಂದ ರಕ್ತದಲ್ಲಿ ತೇಲಿ ಬಂದದ್ದೋ, ಫುಪ್ಪುಸದಲ್ಲೇ ತಾನಾಗಿ ಹುಟ್ಟಿದ್ದೋ ಎಂದು ಪಂಡಿತರು ದಶಕಗಟ್ಟಲೆ ವಾದಿಸಿದರು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡೂ ಕಡೆಯ ಗಡ್ಡೆಗಳ ವಂಶಗುರುತನ್ನು ಹೋಲಿಸಿ, ಇವು ಒಂದೇ ಬೇರಿನವು ಎಂಬುದಕ್ಕೆ ಬಲವಾದ ಸಾಕ್ಷ್ಯ ಕೊಟ್ಟಿತು. ಜಗತ್ತಿನಲ್ಲಿ ಈವರೆಗೆ ಬರೆದಿಟ್ಟ ಪ್ರಕರಣಗಳು ಕೆಲವು ನೂರರ ಆಸುಪಾಸು.

ಸಿ.ಟಿ.ಯಲ್ಲಿ ಇದು ಹೇಗೆ ಕಾಣುತ್ತದೆ? ಅಂಚು ನುಣುಪು. ಗಂಟುಗಳು ಎರಡೂ ಕಡೆ ಬಿತ್ತಿದಂತೆ ಚೆದುರಿರುತ್ತವೆ. ಒಳಗೆ ಸಾಮಾನ್ಯವಾಗಿ ಸುಣ್ಣವಿಲ್ಲ, ಅಳ್ಳೂ ಇಲ್ಲ. ಪಕ್ಕದ ರಸಗ್ರಂಥಿಗಳು ಊದಿರುವುದಿಲ್ಲ. ಸಕ್ಕರೆಯ ದ್ರಾವಣ ಕೊಟ್ಟು ಮಾಡುವ ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರು ಹೊಳೆಯುವಂತೆ ಇದು ಬಹಳವಾಗಿ ಹೊಳೆಯುವುದಿಲ್ಲ. ನಮ್ಮ ಕಡೆ ಆ ಹೊಳಪನ್ನೂ ಎಚ್ಚರದಿಂದಲೇ ಓದಬೇಕು, ಹಸಿಯಾದ ಟೀಬಿಯೂ ಅಲ್ಲಿ ಹೊಳೆಯುತ್ತದೆ. ಇಷ್ಟಾದರೂ ಚಿತ್ರವೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ. ಸೂಜಿಯಿಂದಲೋ ಚಿಕ್ಕ ಶಸ್ತ್ರಕ್ರಿಯೆಯಿಂದಲೋ ಒಂದು ಚೂರು ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಅದು ಸ್ನಾಯುವೇ ಎಂದೂ, ಹೆಣ್ಣಿನ ಹಾರ್ಮೋನಿಗೆ ಓಗೊಡುವ ಗುಣ ಅದಕ್ಕಿದೆಯೇ ಎಂದೂ ನೋಡುತ್ತಾರೆ. ಸ್ನಾಯುವಿನ ಕ್ಯಾನ್ಸರೂ ಇರುವುದರಿಂದ ಅದಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಖಚಿತವಾದ ಮೇಲೆ ಕೆಲವರಿಗೆ ಕಾದು ನೋಡುವುದೇ ಚಿಕಿತ್ಸೆ, ಕೆಲವರಿಗೆ ಹಾರ್ಮೋನು ತಗ್ಗಿಸುವ ಮದ್ದು, ಕೆಲವರಿಗೆ ಗಂಟನ್ನು ತೆಗೆಯುವುದು. ಮುಟ್ಟು ನಿಂತ ಮೇಲೆ ತಾವಾಗಿ ಕುಗ್ಗಿದ ಗಂಟುಗಳೂ ಉಂಟು.

ಆದರೆ ಈ ಬೇನೆಯ ಹೆಸರು ವೈದ್ಯರ ನೆನಪಿಗೆ ಬರಬೇಕಲ್ಲ! ಬರುವುದು ಒಂದೇ ಸುಳಿವಿನಿಂದ. ಈ ಹೆಂಗಸರಲ್ಲಿ ಹೆಚ್ಚಿನವರು ಹಿಂದೆ ಗಾಠಿಗಾಗಿ ಗರ್ಭಕೋಶ ತೆಗೆಸಿಕೊಂಡವರು, ಇಲ್ಲವೇ ಗಾಠನ್ನಷ್ಟೇ ತೆಗೆಸಿಕೊಂಡವರು. ಆಪರೇಷನ್ನಿಗೂ ಎದೆಯ ಗಂಟಿಗೂ ನಡುವೆ ಹತ್ತು, ಹದಿನೈದು ವರ್ಷ, ಒಮ್ಮೊಮ್ಮೆ ಇಪ್ಪತ್ತಕ್ಕೂ ಮಿಕ್ಕಿ ಸರಿದಿರುತ್ತದೆ. ಎದೆಯ ವೈದ್ಯರು ಎದೆಯ ಮಾತು ಕೇಳುತ್ತಾರೆ. ಹತ್ತು ವರ್ಷದ ಹಿಂದಿನ ಹೊಟ್ಟೆಯ ಆಪರೇಷನ್ ಇಲ್ಲಿ ಯಾಕೆ ಎಂದು ತಾಯಿ ಹೇಳುವುದಿಲ್ಲ. ಜೊತೆಗೆ ಹೋದ ಮಗನ ಮುಂದೆ, ದೀರನ ಮುಂದೆ ಹೇಳಲು ಸಂಕೋಚ ಬೇರೆ. ಹೇಳಿದರೂ ಯಾವ ಮಾತಿನಲ್ಲಿ? ಮನೆಯಲ್ಲಿ ‘ಚೀಲ ತೆಗಸೇನಿ’ ಎನ್ನುವವಳು ಆಸ್ಪತ್ರೆಯಲ್ಲಿ ಮರಾಠಿಯಲ್ಲಿ ‘ಪಿಶವಿ ಕಾಢಲಿ’ ಎನ್ನಬೇಕು, ಅದನ್ನು ವೈದ್ಯರು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಕು. ಮೂರು ಭಾಷೆ ದಾಟುವಾಗ ಒಂದೇ ಒಂದು ಸಂಗತಿ ಕೈಜಾರಿದರೆ, ಆ ತಾಯಿಯ ಹಾಳೆ ಕ್ಯಾನ್ಸರಿನ ಹಾಳೆಯಾಗಿಯೇ ಉಳಿಯುತ್ತದೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ ಮೂವರಿಗೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡವರು. ಅವರಲ್ಲಿ ಎದೆಗೆ ಗಂಟು ಬರುವವರು ಎಲ್ಲೋ ಒಬ್ಬರು, ಅದಕ್ಕಾಗಿ ಉಳಿದವರು ಹೆದರಬೇಕಾಗಿಲ್ಲ. ತೆಗೆದ ಚೀಲವನ್ನು ಲ್ಯಾಬಿಗೆ ಕಳಿಸಿ ಪಡೆದ ರಿಪೋರ್ಟ್ ಮನೆಯಲ್ಲಿದ್ದರೆ, ಅದು ಹಳೆಯ ಎದೆ ಫೋಟೊದಷ್ಟೇ ಬೆಲೆಯುಳ್ಳ ಕಾಗದ.

ಇದೆಲ್ಲ ಕೇಳಿ, ಡಾಗ ಎಂದರೆ ಏನೂ ಅಲ್ಲವೆಂದು ಯಾರೂ ಮನೆಯಲ್ಲಿ ಕೂರಬಾರದು. ಬೀಡಿ ಸೇದುವವರು, ಕಫದಲ್ಲಿ ರಕ್ತ ಕಂಡವರು, ಮೈ ಇಳಿದವರು ತಡಮಾಡುವಂತಿಲ್ಲ. ಎದೆಯ ಚಿತ್ರ ಓದುವ ಪರಿಣತರ ಫ್ಲೈಶ್‌ನರ್ ಸೊಸೈಟಿ 2017ರ ತನ್ನ ಸೂಚನೆಯಲ್ಲಿ, ಅಪಾಯದ ಲಕ್ಷಣ ಕಡಿಮೆ ಇರುವವರಲ್ಲಿ ಆರು ಮಿಲಿಮೀಟರಿಗಿಂತ ಸಣ್ಣ ಗಟ್ಟಿ ಗಂಟು ಕಂಡರೆ ಮತ್ತೆ ಮತ್ತೆ ಸ್ಕ್ಯಾನ್ ಬೇಕಾಗಿಲ್ಲ ಎಂದಿತು. ಆದರೆ ಅದು 35 ವರ್ಷ ದಾಟಿದವರಿಗೆ, ಕ್ಯಾನ್ಸರಿನ ಹಿನ್ನೆಲೆಯಿಲ್ಲದವರಿಗೆ ಹೇಳಿದ ಮಾತು. ನಿಮ್ಮ ಗಂಟು ಯಾವ ಸಾಲಿನದೆಂದು ಹೇಳಬೇಕಾದವರು ನಿಮ್ಮ ವೈದ್ಯರೇ.

2024ರ ಡಿಸೆಂಬರ್ 7ರಂದು ಕೇಂದ್ರ ಸರಕಾರ ನೂರು ದಿನಗಳ ಟೀಬಿ ಅಭಿಯಾನ ಆರಂಭಿಸಿತು. ಕೈಯಲ್ಲಿ ಹಿಡಿದೊಯ್ಯುವ ಎಕ್ಸ್-ರೇ ಯಂತ್ರಗಳು ಹಳ್ಳಿಗಳಿಗೆ ಬಂದವು. ಕಾಯಿಲೆಯ ಸುಳಿವೇ ಇಲ್ಲದವರ ಎದೆಯೂ ಫೋಟೊಗೆ ಬಂತು, ಅರವತ್ತು ವರ್ಷದ ಹಿಂದೆ ಬೆಂಗಳೂರಿನ 119 ಹಳ್ಳಿಗಳಲ್ಲಿ ಬಂದಂತೆ. ಹೀಗೆ ಹುಡುಕಿದಾಗ ಡಾಗಗಳು ಹೆಚ್ಚು ಸಿಗುತ್ತವೆ, ನಿರಪಾಯದವೂ ಅವುಗಳ ಜೊತೆಗೇ ಸಿಗುತ್ತವೆ. ಈಗ ಎಷ್ಟೋ ಕಡೆ ದೊಡ್ಡ ಹಾಳೆಯೂ ಕೈಗೆ ಬರುವುದಿಲ್ಲ. ಮೊಬೈಲಿನಲ್ಲಿ ಹಿಡಿದ ಹಾಳೆಯ ಚಿತ್ರದಲ್ಲಿ ಎರಡೂವರೆ ಮಿಲಿಮೀಟರಿನ ವ್ಯತ್ಯಾಸ ಅಳೆಯಲಾಗದು. ಸ್ಕ್ಯಾನ್ ಸೆಂಟರಿನಲ್ಲಿ ಸಿ.ಡಿ. ಕೇಳಿ ಪಡೆಯಿರಿ, ಹೆಸರು ತಾರೀಖು ಬರೆದು ರೇಷನ್ ಕಾರ್ಡಿನ ಜೊತೆ ಇಡಿ.

ಸಿ.ಟಿ.ಗೆ ಕಳಿಸುವ ಚೀಟಿಯಲ್ಲಿ ರೋಗಿಯ ಪೂರ್ವವೃತ್ತಾಂತಕ್ಕೆ ಒಂದು ಗೆರೆ ಖಾಲಿ ಬಿಟ್ಟಿರುತ್ತಾರೆ. ಅದರಲ್ಲಿ ಎಷ್ಟೋ ಸಲ ‘ಕಾಕ್ಸ್?’ ಎಂದಷ್ಟೇ ಬರೆದಿರುತ್ತದೆ. 1882ರಲ್ಲಿ ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್‌ರ ಹೆಸರದು, ಆಸ್ಪತ್ರೆಯ ಮಾತಿನಲ್ಲಿ ಟೀಬಿ ಎಂದರ್ಥ. ಚೀಟಿ ಕೈಗೆ ಬಂದಾಗ, ‘ಡಾಕ್ಟರ್ ಸಾಹೇಬರ, ಹನ್ನೆರಡು ವರ್ಷದ ಹಿಂದ ಗಾಠಿ ಆಗಿ ಪಿಶವಿ ತೆಗೆಸೇವ್ರಿ, ಅದನ್ನೂ ಇದರಾಗ ಬರೀರಿ’ ಎಂದು ಕೇಳಿ ಬರೆಸಿಕೊಳ್ಳಿ.